ಹನ್ನೊಂದು ಜೊತೆ ನೀಲಿ ಗ್ಲೌಸು

ಹದಿನೇಳು, ಹದಿನೆಂಟು, ಈ ಫ್ಯಾನಿನ ಟಕ್‌ಟಕ್ ನನ್ನ ಎಣಿಕೆಗೇ ಅಡ್ಡ ಬರುತ್ತದೆ, ಹತ್ತೊಂಬತ್ತು, ಅಲ್ಲ, ಹದಿನೆಂಟೇ ಇರಬೇಕು, ಇರಲಿ, ಬಿಚ್ಚಿ ಮತ್ತೆ ಹೆಣೆದರಾಯಿತು, ನನಗೇನು ಹೊತ್ತಿಗೆ ಬರವೇ, ಹತ್ತಕ್ಕೆ ಬಾ ಅಂದವರು ಹನ್ನೊಂದಾದರೂ ಬಾಗಿಲು ತೆಗೆದಿಲ್ಲ — ಆ ಬಾಗಿಲಿನ ಹಿಂದೆ ಇಸ್ತ್ರಿ ಕೂತಿದ್ದಾನೆ, ಇಸ್ತ್ರಿ ಎಂದರೆ ನಮ್ಮ ಬೇಕರಿಯ ಮ್ಯಾನೇಜರು, ಹಿಟ್ಟು ಹಾರುವ ಜಾಗದಲ್ಲೂ ಒಂದು ಸುಕ್ಕಿಲ್ಲದ ಅಂಗಿ ತೊಟ್ಟು ತಿರುಗುವವನಿಗೆ ಭಟ್ಟಿ ಸಾಲಿನ ಹೆಂಗಸರು ಇನ್ನೇನು ಹೆಸರಿಟ್ಟಾರು, ಪಕ್ಕದಲ್ಲಿ ವಿಚಾರಣೆಗೆಂದು ಹೊರಗಿನಿಂದ ಬಂದ ಅಧಿಕಾರಿ, ಹೆಂಗಸು, ಕನ್ನಡಕ, ಅವರೆದುರಿಗೆ ನನ್ನ ಓರಗಿತ್ತಿ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು. ನಾನು ಹೊರಗೆ ಬೆಂಚಿನ ಮೇಲೆ, ತೊಡೆಯ ಮೇಲೆ ನೂಲಿನುಂಡೆ, ಕೈಯಲ್ಲಿ ಕ್ರೋಶಾ ಕಡ್ಡಿ, ತಲೆಯ ಮೇಲೆ ಗೋಡೆಗಂಟಿಸಿದ ಹೊಸ ನೋಟೀಸು — ಮನೆಯಲ್ಲಿ ಹೆಣೆದ ಗ್ಲೌಸು, ಹಿಡಿಬಟ್ಟೆಗಳನ್ನು ಒಳಗೆ ತರಕೂಡದು. ಅದರ ಕೆಳಗೇ ಕೂತು ಹೆಣೆಯುತ್ತಿದ್ದೇನೆ, ಬೇಕಂತಲೇ. ಗುಮಾಸ್ತ ಎರಡು ಸಲ ಬಂದು ಹೋದ, ಅಕ್ಕಾ ಅದನ್ನ ಸ್ವಲ್ಪ ಚೀಲದೊಳಗಿಡಿ, ಸಾಹೇಬ್ರು ನೋಡಿದ್ರೆ ಅಂದ, ನೋಡ್ಲಿ ಬಿಡಪ್ಪ, ಕಣ್ಣಿರೋದು ಯಾತಕ್ಕೆ ಅಂದೆ, ಪಾಪ, ಅವನಿಗೆ ನಗುವೂ ಬಂತು, ಹೆದರಿಕೆಯೂ ಆಯಿತು, ಕಡತ ಎತ್ತಿಕೊಂಡು ಹೋದ.

ಶೋಕಿಗೆ ಶುರುಮಾಡಿದ್ದಲ್ಲ ಇದು. ಬೇಕರಿಯವರು ಕೊಟ್ಟ ಗ್ಲೌಸುಗಳು ಹೆಬ್ಬೆರಳಿನ ಬುಡದಲ್ಲಿ ತೂತು ಬಿದ್ದು ವರ್ಷವಾಗಿತ್ತು, ಕೇಳಿದಾಗಲೆಲ್ಲ ಬರುತ್ತೆ ಬರುತ್ತೆ ಎಂಬ ಉತ್ತರ, ಹಳೇ ಟವೆಲು ಸುತ್ತಿಕೊಂಡು ಟ್ರೇ ಎಳೆಯುತ್ತಿದ್ದೆವು, ಒಬ್ಬೊಬ್ಬರ ಮೊಣಕೈಯವರೆಗೂ ಬರೆ, ಯಾರ ಬರೆ ಉದ್ದ ಎಂದು ಊಟದ ಹೊತ್ತಿಗೆ ಅಳತೆ ಹಾಕಿ ನಗುವಷ್ಟು ಬರೆ — ಮನೆಯಲ್ಲಿ ಬಿಸಿ ಪಾತ್ರೆ ಇಳಿಸಲಿಕ್ಕೆ ಹಿಡಿಬಟ್ಟೆ ಹೆಣೆದಿಟ್ಟುಕೊಂಡಿದ್ದೆ, ಅಂಗೈಯಗಲದ ಚೌಕ, ಅದನ್ನೇ ಉದ್ದ ಮಾಡಿ ಪಕ್ಕಕ್ಕೊಂದು ಹೆಬ್ಬೆರಳು ಕೂರಿಸಿದರೆ ಗ್ಲೌಸಾಗುವುದಿಲ್ಲವೇ, ಆಯಿತು. ಹತ್ತಿ ನೂಲು ಎರಡೆಳೆ ಜೋಡಿಸಿ, ಪ್ರತಿ ಕುಣಿಕೆಯ ಹಿಂದಿನ ಎಳೆಗೆ ಮಾತ್ರ ಕಡ್ಡಿ ತೂರಿಸಿ ಎಳೆದರೆ ಸಾಲಿಗೊಂದು ಉಬ್ಬುಗೆರೆ ಏಳುತ್ತದೆ, ಗೆರೆ ಗೆರೆಯ ನಡುವೆ ಗಾಳಿ ನಿಲ್ಲುತ್ತದೆ, ಬಿಸಿ ಒಳಗೆ ಬರಲು ತಡವರಿಸುತ್ತದೆ, ಅಷ್ಟರಲ್ಲಿ ಟ್ರೇ ಮೇಜಿನ ಮೇಲಿರುತ್ತದೆ. ಅಂಗೈಗೆ ಏಳು ಗೆರೆ, ಆರಾದರೆ ಸಾಲದು, ಎಂಟಾದರೆ ಕೈ ಮಡಚಲಾಗದು, ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ, ನನ್ನ ಕೈಯೇ ಕಂಡುಹಿಡಿದದ್ದು. ಹನ್ನೊಂದು ಜನಕ್ಕೂ ಹೆಣೆದುಕೊಟ್ಟೆ, ಪಾಠವನ್ನೂ ಹೇಳಿದೆ, ಒದ್ದೆಯಾದ್ರೆ ಹಾಕ್ಕೋಬೇಡಿ ಕಣ್ರೇ, ಒಳಗಿನ ನೀರು ಕುದ್ದು ಕೈಯನ್ನ ಬೇಯಿಸಿಬಿಡುತ್ತೆ, ಒಣಗಿದ್ದೇ ಹಾಕ್ಕೊಳ್ಳಿ. ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು ಓರಗಿತ್ತಿ, ಅವಳು ಹಾಗೇ, ನಾನು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸುತ್ತಾಳೆ, ಪಾಲಿಸದಿದ್ದರೆ ಇವತ್ತು ಅವಳ ಕೈ ನೆಟ್ಟಗಿರುತ್ತಿತ್ತು.

ಇಪ್ಪತ್ತೊಂದು, ಇಪ್ಪತ್ತೆರಡು, ತಿರುಗಿಸು. ನಾನು ಸಾಕ್ಷಿ ಹಾಕಬೇಕಾದ ಕಾಗದ ನಿನ್ನೆಯೇ ತೋರಿಸಿದರು, ಓದಿಕೊಂಡು ಬನ್ನಿ, ನಾಳೆ ಅಧಿಕಾರಿಗಳ ಮುಂದೆ ಒಂದು ಸಹಿ, ಮುಗೀತು ಅಂತ. ಓದಿದೆ. ಸದರಿ ಕೆಲಸಗಾರ್ತಿಯು ತಾನೇ ಮನೆಯಲ್ಲಿ ಹೆಣೆದ, ಅನುಮತಿಯಿಲ್ಲದ ಗ್ಲೌಸನ್ನು ಧರಿಸಿ ಸ್ವಂತ ಅಜಾಗರೂಕತೆಯಿಂದ ಕೈ ಸುಟ್ಟುಕೊಂಡಿರುತ್ತಾಳೆ, ಇದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ತಾನೇ ಹೆಣೆದ! ಅವಳು! ಒಂದು ಸರಪಳಿ ಹಾಕು ಎಂದರೆ ಹತ್ತನೇ ಕುಣಿಕೆಗೆ ನೂಲಿಗೂ ಬೆರಳಿಗೂ ಗಂಟುಬಿದ್ದು, ಅಕ್ಕಾ ಬಿಡಿಸು ಎಂದು ಎರಡೂ ಕೈ ಮುಂದೆ ಚಾಚಿಕೊಂಡು ಬರುವವಳು ಗ್ಲೌಸು ಹೆಣೆದಳಂತೆ, ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ ಅವಳೊಂದು ಹಿಡಿಬಟ್ಟೆ ಹೆಣೆದಳು, ಚೌಕ ಮಾಡಲು ಹೋಗಿ ಟೋಪಿಯಾಯಿತು, ಮೈದುನ ತಲೆಗಿಟ್ಟುಕೊಂಡು ಮನೆಯೆಲ್ಲ ಕುಣಿದ. ಕಾಗದ ಓದಿದಾಗ ನನಗೆ ಮೊದಲು ಬಂದದ್ದು ಅದೇ ಸಿಟ್ಟು, ನ್ಯಾಯ ಅನ್ಯಾಯದ್ದಲ್ಲ, ಸುಳ್ಳೇಕೆ ಹೇಳಲಿ, ನನ್ನ ಕೆಲಸಕ್ಕೆ ಇನ್ನೊಬ್ಬಳ ಹೆಸರು ಹಾಕಿದ್ದಾರಲ್ಲ ಎಂಬ ಸಿಟ್ಟು, ಆಮೇಲೆ ನಿಧಾನಕ್ಕೆ ಹೊಳೆಯಿತು, ಇದು ನನಗೆ ತೋರಿಸಿದ ಹಿತ್ತಿಲ ಬಾಗಿಲು, ಹೆಣೆದವಳು ನಾನಲ್ಲವೆಂದಾದರೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅಜಾಗರೂಕತೆ ಎಂದು ಬರೆದರೆ ಅವಳ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ, ಅವಳ ತಪ್ಪಲ್ಲವೆಂದು ಬರೆದರೆ ಕೈ ವಾಸಿಯಾಗುವವರೆಗೂ ಬೇಕರಿಯವರು ಅವಳನ್ನು ಹಗುರ ಕೆಲಸಕ್ಕೆ ಇಟ್ಟುಕೊಳ್ಳಲೇಬೇಕು, ಇಷ್ಟೇ ವಿಷಯ. ಗಂಡ ಅನ್ನ ಕಲಸುತ್ತಾ, ಸೈನ್ ಮಾಡಿ ಬಾರೇ, ಹೋಗಿರೋದು ಅವಳ ಕೆಲಸ, ನಿಂದೂ ಯಾಕೆ ಕಳ್ಕೋತೀಯ ಅಂದರು, ತಮ್ಮನ ಹೆಂಡತಿಯ ಬಗ್ಗೆ, ಗೋಡೆಯಾಚೆ ಅವಳು ಎಡಗೈಯಲ್ಲಿ ತಟ್ಟೆ ತೊಳೆಯುವ ಸದ್ದು ಕೇಳಿಸುತ್ತಿರುವಾಗ. ನಾನು ಸಾರು ಬಡಿಸಲಿಲ್ಲ, ಬೇಕಾದರೆ ಬಡಿಸಿಕೊಳ್ಳಲಿ ಎಂದು ಎದ್ದುಹೋದೆ.

ಆದರೆ ನೂಲು, ಆ ನೀಲಿ ನೂಲು, ಅದರ ಮಾತು ಬಂದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ — ದೊಡ್ಡವರು ಯಾರೋ ಬೇಕರಿ ನೋಡಲು ಬರುತ್ತಾರೆ, ಎಲ್ಲ ಗ್ಲೌಸೂ ಒಂದೇ ಬಣ್ಣ ಇರಬೇಕು, ನಮ್ಮ ಬೋರ್ಡಿನ ನೀಲಿ ಎಂದು ಇಸ್ತ್ರಿ ಒಂದು ಚೀಲ ತುಂಬ ನೂಲು ತಂದುಕೊಟ್ಟ, ಮಿರಮಿರ ಮಿಂಚುವ ನೂಲು, ಹತ್ತಿಗೆಲ್ಲಿಯ ಆ ಮಿಂಚು. ನೂಲು ಬಂದರೆ ಮೊದಲು ತುದಿ ಕತ್ತರಿಸಿ ಬೆಂಕಿಗೆ ಹಿಡಿಯುವುದು ನನ್ನ ರೂಢಿ, ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಇದು ಉರಿಯಲಿಲ್ಲ, ಮುದುಡಿತು, ಕರಗಿ ಕಪ್ಪು ಮಣಿಯಾಗಿ ಕಡ್ಡಿಪೆಟ್ಟಿಗೆಗೆ ಅಂಟಿಕೊಂಡಿತು, ಕೀಳಲು ಬರಲಿಲ್ಲ. ಮಾರನೇ ದಿನ ಅದನ್ನೇ ಒಯ್ದು ತೋರಿಸಿದೆ, ಸಾರ್ ಇದು ಪ್ಲಾಸ್ಟಿಕ್ಕು, ಬಿಸಿ ತಗುಲಿದ್ರೆ ಕೈಗೆ ಮೆತ್ಕೊಳ್ಳುತ್ತೆ ಅಂದೆ, ಅವನು ಮಣಿಯನ್ನು ಉಗುರಿನಿಂದ ಕೆರೆದು ನೋಡಿದ, ನೋಡಿದ್ದು ನನಗೆ ಗೊತ್ತು, ಅಯ್ಯೋ ಇದು ಬರೀ ನೋಡೋಕಮ್ಮ, ಭಟ್ಟಿಗ್ಯಾರು ಹಾಕ್ಕೋತಾರೆ, ಒಂದಿನ ಗೂಟಕ್ಕೆ ನೇತುಹಾಕಿ ತೆಗೆದುಬಿಡೋಣ ಅಂದ. ಹೆಣೆದೆ. ಹನ್ನೊಂದು ಜೊತೆ, ನನ್ನ ಜನ್ಮದಲ್ಲೇ ಅಷ್ಟು ನೀಟಾಗಿ ಹೆಣೆದಿರಲಿಲ್ಲ, ಬಂದವರು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದರು, ಇಸ್ತ್ರಿ ನನ್ನನ್ನು ಮುಂದೆ ಕರೆದು ನಿಲ್ಲಿಸಿದ, ಫೋಟೋ ತೆಗೆದರು, ಅದು ಇವತ್ತಿಗೂ ಕ್ಯಾಂಟೀನಿನ ಬೋರ್ಡಿನ ಮೇಲಿದೆ, ತಲೆ ಬಾಚಿಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಅವರು ಹೋದ ಮೇಲೂ ಗ್ಲೌಸುಗಳು ಗೂಟದಲ್ಲೇ ಉಳಿದವು, ತೆಗೀರಿ ಸಾರ್ ಎಂದೆ, ಇರ್ಲಿ ಬಿಡಿ, ಲಕ್ಷಣವಾಗಿವೆ ಅಂದ. ನಾನು ಹತ್ತು ಜನ ಹೆಂಗಸರಿಗೆ ಒಂದು ಮಾತು ಹೇಳಬಹುದಿತ್ತು, ಇವನ್ನ ಹಾಕ್ಕೋಬೇಡ್ರೇ, ಕರಗುತ್ವೆ — ಎಷ್ಟು ಹೊತ್ತಿನ ಮಾತು ಅದು, ಟ್ರೇ ಎಳೆಯುವಷ್ಟು ಹೊತ್ತೂ ಬೇಡ. ಹೇಳಲಿಲ್ಲ. ಬೆಂಕಿಗಾಗದ ಭಟ್ಟಿ ಗ್ಲೌಸು ಹೆಣೆದಳಂತೆ, ಅದಕ್ಕೆ ಫೋಟೋ ಬೇರೆ ಎಂದು ನಗುತ್ತಾರಲ್ಲ, ಅದಕ್ಕೇ ಹೇಳಲಿಲ್ಲ, ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ನನಗೆ ಸಿಗುವುದಿಲ್ಲ, ಹುಡುಕಿದ್ದೇನೆ.

ಆ ಬೆಳಗ್ಗೆ ಅವಳ ಹತ್ತಿ ಗ್ಲೌಸಿನ ಮೇಲೆ ನೀರು ಚೆಲ್ಲಿತು. ಅಕ್ಕ ಹೇಳಿದ್ದಾಳೆ, ಒದ್ದೆಯದು ಹಾಕಬಾರದು — ಗೂಟದಲ್ಲಿ ಒಣಗಿದ್ದು ಇತ್ತು, ನೀಲಿಯದು, ಅಕ್ಕನೇ ಹೆಣೆದದ್ದು, ಅದನ್ನೇ ಬಲಗೈಗೆ ತೊಟ್ಟಳು. ಕೂಗು ಕೇಳಿ ನಾನು ಓಡುವಷ್ಟರಲ್ಲಿ ಟ್ರೇ ನೆಲದ ಮೇಲೆ, ಬನ್ನುಗಳು ಎಲ್ಲೆಲ್ಲೋ ಉರುಳಿ, ಅವಳು ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು, ಗ್ಲೌಸು ಎಳೆದರೆ ಬರುತ್ತಿಲ್ಲ, ಆ ಕೆಟ್ಟ ವಾಸನೆ. ಆಸ್ಪತ್ರೆಯಲ್ಲಿ ಡಾಕ್ಟರು ಚಿಮಟದಲ್ಲಿ ಚೂರು ಚೂರಾಗಿ ನೀಲಿ ಕೀಳುತ್ತಿದ್ದರು, ನಾನು ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದೆ, ನೋಡಬೇಡ ನೋಡಬೇಡ ಎಂದು ಅವಳಿಗೆ ಹೇಳುತ್ತಾ ನಾನು ಮಾತ್ರ ನೋಡಿದೆ, ಅಂಗೈ ತುಂಬ ಗೆರೆ, ನನ್ನ ಗೆರೆ. ಹತ್ತೊಂಬತ್ತು ದಿನವಾಯಿತು, ದಿನಾ ಬ್ಯಾಂಡೇಜು ಬದಲಿಸುವವಳು ನಾನೇ, ದಿನಾ ಕಾಣಿಸುತ್ತದೆ, ಚರ್ಮ ಕೂಡಿದ ಹಾಗೆ ಅಳಿಸಬೇಕಲ್ಲವೇ, ಇಲ್ಲ, ಕೂಡಿದಷ್ಟೂ ಸ್ಪಷ್ಟವಾಗುತ್ತಿದೆ. ಮತ್ತೆ ಅವಳು, ಆ ಪೆದ್ದಿ, ಮೊನ್ನೆ ಬ್ಯಾಂಡೇಜು ಕಟ್ಟಿಸಿಕೊಳ್ಳುತ್ತಾ, ಅಕ್ಕಾ ಎಡಗೈಗೊಂದು ಗ್ಲೌಸು ಹೆಣೆದುಕೊಡು, ಎಡಗೈಯಲ್ಲೇ ಎಳೆಯೋದು ಕಲೀತೀನಿ ಅಂದಳು, ನನ್ನನ್ನೇ ಕೇಳಿದಳು, ಬೇರೆ ಯಾರನ್ನೂ ಅಲ್ಲ. ಅದೇ ಇದು, ಕೈಯಲ್ಲಿರುವುದು, ಹತ್ತಿ, ಮೂರು ಸಲ ಸುಟ್ಟು ನೋಡಿದ ಹತ್ತಿ. ನಾನು ಇಸ್ತ್ರಿಯ ಬಣ್ಣ ಬಯಲು ಮಾಡಬೇಕಾದರೆ ನನ್ನದೂ ಆಗಬೇಕು, ಅವನಿಗೆ ಗೊತ್ತಿತ್ತು ಎಂದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ಅವಳು ಅಲ್ಲೇ ಕೂತಿರುತ್ತಾಳೆ. ಕೆಲಸ ಹೋದರೆ ಹೋಗಲಿ, ಕೈ ಗಟ್ಟಿಯಿದೆ, ಎಲ್ಲಾದರೂ ಹಿಟ್ಟು ನಾದುತ್ತೇನೆ, ಅದಲ್ಲ ನನ್ನ ಭಯ, ಅಕ್ಕಾ ಎನ್ನುತ್ತಾಳಲ್ಲ, ಅದು ಹೋದರೆ — ಗುಮಾಸ್ತ ಕರೆಯುತ್ತಿದ್ದಾನೆ, ನಿಮ್ಮನ್ನೇ ಅಕ್ಕಾ, ಬನ್ನಿ. ನೂಲನ್ನು ಚೀಲಕ್ಕೆ ಹಾಕಲಿಲ್ಲ, ಕಡ್ಡಿ ಸಮೇತ ಕೈಯಲ್ಲೇ ಹಿಡಿದು ಎದ್ದೆ.

ಒಳಗೆ ತಣ್ಣಗಿದೆ, ಇಸ್ತ್ರಿಯ ಅಂಗಿ ಇವತ್ತು ಬಿಳಿ, ಕಾಗದ ನನ್ನ ಕಡೆ ತಿರುಗಿಸಿಟ್ಟು ಮೇಲೊಂದು ಪೆನ್ನು ಇಟ್ಟಿದ್ದಾನೆ, ಓದಿದ್ದೀರಲ್ಲಮ್ಮ, ಇಲ್ಲಿ. ಓರಗಿತ್ತಿ ನನ್ನನ್ನು ನೋಡಿ ಸ್ವಲ್ಪ ಸರಿದು ಪಕ್ಕದ ಕುರ್ಚಿಯಲ್ಲಿ ಜಾಗ ಮಾಡಿದಳು, ನಾನು ಕೂರಲಿಲ್ಲ, ಕೂತರೆ ಧ್ವನಿ ಇಳಿಯುತ್ತದೆ. ಇವಳಿಗೆ ಹೆಣೆಯೋಕೆ ಬರಲ್ಲ ಮೇಡಂ, ಹೆಣೆದಿದ್ದು ನಾನು, ಎಂದೆ. ಇಸ್ತ್ರಿ ನಕ್ಕ, ಇಬ್ಬರೂ ಒಂದೇ ಮನೆಯವರು, ಪಾಪ ಪ್ರೀತಿಗೆ ಹೀಗಂತಾರೆ ಅಂದ, ಅಧಿಕಾರಿ ಕನ್ನಡಕದ ಮೇಲಿಂದ ನೋಡಿ ಆ ಗ್ಲೌಸು ಎಲ್ಲಿದೆ ಎಂದು ಕೇಳಿದರು, ಎಸೆದಾಯ್ತು ಮೇಡಂ, ಹನ್ನೊಂದು ಜೊತೇನೂ, ಮತ್ತೆ ಯಾರಿಗೂ ಅಪಾಯ ಆಗಬಾರದು ಅಂತ, ಎಂದ, ಆ ಮಾತಿಗೂ ಇಸ್ತ್ರಿ ಹಾಕಿ ಮಡಿಸಿಟ್ಟುಕೊಂಡಿದ್ದ. ಎಲ್ಲೂ ಹೋಗಿಲ್ಲ, ಇವಳ ಕೈಯಲ್ಲೇ ಇದೆ ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಅವಳಿಗೆ ಮಾತ್ರ ಆಯಿತು, ಏನೂ ಕೇಳದೆ ಎಡಗೈಯಿಂದ ಬ್ಯಾಂಡೇಜು ಬಿಚ್ಚತೊಡಗಿದಳು, ಸುತ್ತು ಸುತ್ತು, ಅಕ್ಕ ಹೇಳಿದರೆ ಮುಗಿಯಿತು, ಇವಳು ಯಾಕೆ ಹೀಗೆ, ಒಂದು ಸಲವಾದರೂ ಯಾಕೆ ಎನ್ನಬಾರದೇ, ಅಂಗೈ ಮೇಜಿನ ಮೇಲೆ ಬಿಡಿಸಿಟ್ಟಳು, ಅದರ ಪಕ್ಕಕ್ಕೆ ನಾನು ಅರ್ಧ ಹೆಣೆದ ಗ್ಲೌಸನ್ನು ಇಟ್ಟೆ, ಎಣಿಸಿ ಮೇಡಂ, ಇಲ್ಲೂ ಏಳು, ಅಲ್ಲೂ ಏಳು, ಭಟ್ಟಿ ಸಾಲಲ್ಲಿ ಹೀಗೆ ಹೆಣೆಯೋಳು ನಾನೊಬ್ಬಳೇ. ನೂಲು ಇವರು ಕೊಟ್ಟಿದ್ದು. ಕರಗುತ್ತೆ ಅಂತ ನಾನು ಸುಟ್ಟು ತೋರಿಸಿದ್ದೆ, ಇವರು ಕೈಯಲ್ಲಿ ಹಿಡ್ಕೊಂಡು ನೋಡಿದಾರೆ, ಬರ್ಕೊಳ್ಳಿ. ಇಸ್ತ್ರಿ ಏನೋ ಹೇಳುತ್ತಿದ್ದಾನೆ, ಜೋರಾಗಿಯೇ, ನನ್ನ ಕಿವಿಗೆ ಬೀಳುತ್ತಿಲ್ಲ, ಯಾಕೆಂದರೆ ಅದಕ್ಕಿಂತ ಸಣ್ಣ ಧ್ವನಿಯೊಂದು ಪಕ್ಕದಿಂದ ಬಂತು, ಅಕ್ಕಾ, ನಿಂಗೆ ಗೊತ್ತಿತ್ತಾ. ಸುಳ್ಳಿಗೆ ಇನ್ನೂ ಜಾಗವಿತ್ತು, ಆಮೇಲೆ ಗೊತ್ತಾಯ್ತು ಎನ್ನಬಹುದಿತ್ತು. ಗೊತ್ತಿತ್ತು ಕಣೇ, ಎಂದೆ, ಮೊದಲೇ ಗೊತ್ತಿತ್ತು, ಹೇಳಲಿಲ್ಲ, ಅದನ್ನೂ ಬರ್ಕೊಳ್ಳಿ ಮೇಡಂ. ಅಧಿಕಾರಿ ಬರೆಯುತ್ತಿದ್ದಾರೆ, ಅವರ ಪೆನ್ನಿನ ಸದ್ದು ಕೇಳುತ್ತಿದೆ, ಬರೆಯಲಿ, ಪೂರ್ತಿ ಬರೆಯಲಿ, ನಾನು ನಿಂತೇ ಇರುತ್ತೇನೆ — ಅವಳು ನನ್ನ ಮುಖ ನೋಡುತ್ತಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ, ಮೇಜಿನ ಮೇಲೆ ಬಿಡಿಸಿಟ್ಟ ಅಂಗೈ, ಗುಲಾಬಿ ಚರ್ಮ, ಒಂದು ಗೆರೆ, ಎರಡು, ಮೂರು, ನಾಲ್ಕನೆಯದರ ನಡುವೆ ಒಂದು ಚಿಕ್ಕ ಸಂದು, ಅವತ್ತು ದೊಡ್ಡವರು ಬರುವ ಗಡಿಬಿಡಿಯಲ್ಲಿ ನಾನು ಬಿಟ್ಟ ಒಂದು ಕುಣಿಕೆ, ಯಾರಿಗೆ ಕಾಣುತ್ತದೆ ಎಂದುಕೊಂಡು ಬಿಚ್ಚದೆ ಬಿಟ್ಟದ್ದು, ಅದೂ ಇದೆ.