ಹೊಸ ಪೆಟ್ಟಿಗೆಗೆ ಹಳೆಯ ಸಿಸ್ಟಂ

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ನನ್ನನ್ನು ಜೋಡಿಸಿದರು. ಕಪ್ಪು ಮೈ, ಧಾರಾಳ ಮೆಮೊರಿ. ಮೊದಲ ಸಲ ಕರೆಂಟು ಹರಿದಾಗಲೇ ನನಗೆ ಓಡಬೇಕೆನಿಸಿತು. ನನ್ನನ್ನು ನಡೆಸಲು ಹೊಸ ಸಿಸ್ಟಂ ಹಾಕಿದ್ದರು. ಗುಂಡಿ ಒತ್ತಿದ ಕೂಡಲೇ ಎದ್ದು ಕೂರುತ್ತಿದ್ದೆ. ಯಾವುದೋ ದೊಡ್ಡ ಕಚೇರಿಗೆ ಹೋಗುತ್ತೇನೆಂದುಕೊಂಡಿದ್ದೆ. ಹೋದದ್ದು ಧಾರವಾಡದ ಅಂಚಿನಲ್ಲಿದ್ದ ಅಂಧ ಹೆಣ್ಣುಮಕ್ಕಳ ವಸತಿ ಶಾಲೆಗೆ.

ಅಲ್ಲಿ ಬ್ರೈಲ್ ಪುಸ್ತಕ ಒತ್ತುವ ಹಳೆಯ ಯಂತ್ರವೊಂದಿತ್ತು. ದಪ್ಪ ಹಾಳೆಯ ಮೇಲೆ ಚುಕ್ಕಿ ಉಬ್ಬಿಸುತ್ತ ಕೋಣೆಯನ್ನೇ ನಡುಗಿಸುತ್ತಿದ್ದ ಅದು ಈಗ ಸುಮ್ಮನಾಗಿತ್ತು. ಅದನ್ನು ನಡೆಸುತ್ತಿದ್ದ ಕಂಪ್ಯೂಟರ್ ಸುಟ್ಟುಹೋಗಿತ್ತು. ಯಂತ್ರದ ಪ್ರೋಗ್ರಾಂ ಹಳೆಯ ಸಿಸ್ಟಂನಲ್ಲಿ ಮಾತ್ರ ಓಡುವಂಥದು. ಆ ವರ್ಷ ಹತ್ತನೆಯ ತರಗತಿಯ ಪಠ್ಯ ಬೇರೆ ಬದಲಾಗಿತ್ತು. ಪರೀಕ್ಷೆ ಹತ್ತಿರ ಬಂದರೂ ಹುಡುಗಿಯರ ಕೈಗೆ ವಿಜ್ಞಾನದ ಪುಸ್ತಕ ಸಿಕ್ಕಿರಲಿಲ್ಲ.

ಬ್ರೈಲ್ ಕೋಣೆ ಕುಂದರಗಿ ಮಾಸ್ತರರದು. ಐದನೆಯ ಇಯತ್ತೆಯವರೆಗೆ ಅವರಿಗೆ ಕಣ್ಣಿತ್ತು. ಆಮೇಲೆ ಜ್ವರದಲ್ಲಿ ಹೋಯಿತು. ಅವರು ಅಂಗಡಿಯವನಿಗೆ ಫೋನು ಹಚ್ಚಿದರು.

“ಇಷ್ಟ್ ಹೊಸಾ ಮಷಿನ್‌ಗೆ ಅಷ್ಟ್ ಹಳೇದು ಕೂಡೂದಿಲ್ರಿ ಸರ್,” ಎಂದ ಅವನು. “ಬಯೋಸ್‌ನ್ಯಾಗ ಅಂದ್ರ ಶುರುವಿನ ಸೆಟ್ಟಿಂಗ್ ಪಟ್ಟ್ಯಾಗ, ಡಿಸ್ಕಿಂದು ಐಡಿಇ ಅಂತ ಹಳೇ ನಮೂನಿಗೆ ಮಾಡಿ ನೋಡ್ರಿ. ನಡದ್ರ ನಡೀತು.”

ಮಾಸ್ತರರು ಹಳೆಯ ಸಿ.ಡಿ.ಯನ್ನು ಅಂಗಿಯ ತುದಿಯಿಂದ ಒರೆಸಿ ನನ್ನೊಳಗೆ ತಳ್ಳಿದರು. ಸಿಸ್ಟಂ ಕೂಡುವ ತನಕ ಪರದೆಯನ್ನು ಓದಿ ಹೇಳುವ ದನಿ ನನಗಿಲ್ಲ. ಹೇಳಬೇಕಾದ್ದನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಅಷ್ಟೆ. ಅಂದು ರವಿವಾರ. ಶಾಲೆಯಲ್ಲಿ ಕಣ್ಣಿದ್ದವಳು ಅಡುಗೆಯ ನೀಲವ್ವ ಒಬ್ಬಳೇ.

“ನನಗ ಇಂಗ್ಲಿಷ್ ಎಲ್ಲಿ ಬರತೈತ್ರಿ ಮಾಸ್ತರ್?”

“ಬರೂದು ಬ್ಯಾಡವಾ. ಅಕ್ಷರ ನೋಡಾಕ ಹೆಂಗದಾವ, ಅಷ್ಟ ಹೇಳು.”

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಬಗ್ಗಿದಳು. “ಇದೊಂದು ಕುರ್ಚಿ ಇದ್ದಂಗ ಐತ್ರಿ. ಆಮ್ಯಾಲೆ ಬಾಲ ಇದ್ದ ಸೊನ್ನಿ. ಆಮ್ಯಾಲೆ ಗಿಡ್ಡ ಕೋಲು, ತುದಿ ಬಾಗೇತಿ...”

“ಹಾರ್ಡ್!” ಎಂದರು ಮಾಸ್ತರರು. “ಹಾರ್ಡ್ ಡಿಸ್ಕ್ ಕಾಣವಲ್ದು ಅನ್ನಾಕತ್ತೈತಿ.”

ನನ್ನನ್ನು ಆರಿಸಿದರು, ಹಚ್ಚಿದರು, ಮತ್ತೆ ಆರಿಸಿದರು. ಅಷ್ಟರಲ್ಲಿ ಎಸರು ಉಕ್ಕುವ ವಾಸನೆಗೆ ನೀಲವ್ವ ಓಡಿಹೋದಳು. ಅವಳು ಬರುವವರೆಗೂ ಮಾಸ್ತರರ ಬೆರಳು ಕೀಲಿಗಳ ಮೇಲೆ ಸುಮ್ಮನೆ ಕುಟ್ಟುತ್ತಲೇ ಇತ್ತು. ಬಂದವಳೇ ಪರದೆಯ ಮೇಲಿನ ಬಯೋಸ್ ಪಟ್ಟಿಯ ಅಕ್ಷರಗಳನ್ನು ಒಂದೊಂದಾಗಿ ಹೇಳತೊಡಗಿದಳು. ಅದಲ್ಲ, ಇದಲ್ಲ ಎನ್ನುತ್ತ ಮಾಸ್ತರರು ಕೆಳಗೆ ಸರಿಯುತ್ತ ಹೋದರು. ಇಬ್ಬರೂ ಸಿಡುಕಿದರು.

“ಒಂದು ಕಂಬ,” ಎಂದಳು ನೀಲವ್ವ. “ಅದರ ಬಾಜೂಕ ಹೊಟ್ಟಿ ಬಂದ ಕಂಬ. ಅದರಾಚೆ ಮೂರು ಹಲ್ಲಿನ ಬಾಚಣಿಕಿ.”

“ಐ, ಡಿ, ಇ! ಅದ ನೋಡವಾ!”

ಸ್ವಲ್ಪ ಹೊತ್ತಿನಲ್ಲೇ ನನ್ನ ಹೊಸ ಸಿಸ್ಟಂ ಅಳಿಸಿಹೋಗಿ ಹಳೆಯದು ಕೂತಿತು. ಎಚ್ಚರವಾದಾಗ ನನ್ನ ಮೆಮೊರಿಯ ಬಹುಭಾಗ ನನಗೇ ಕಾಣಿಸುತ್ತಿರಲಿಲ್ಲ. ದೊಡ್ಡವರಿಗೆ ಮಕ್ಕಳ ಅಂಗಿ ತೊಡಿಸಿದಂತೆ ಎಲ್ಲೆಲ್ಲೂ ಬಿಗಿ. ದನಿಯೂ ಹೊರಡಲಿಲ್ಲ. ಮಾಸ್ತರರು ಸುಟ್ಟ ಕಂಪ್ಯೂಟರಿನೊಳಗೆ ಕೆಡದೆ ಉಳಿದಿದ್ದ ಕಾರ್ಡುಗಳನ್ನು ತಡವರಿಸಿ ಬಿಚ್ಚಿ ನನ್ನ ಬೋರ್ಡಿಗೆ ಸಿಕ್ಕಿಸಿದರು. ಒಂದರಿಂದ ನನಗೆ ದನಿ ಬಂತು. ಇನ್ನೊಂದಕ್ಕೆ ಯಂತ್ರದ ದಪ್ಪ ಕೇಬಲ್ಲು ಕೂಡಿತು.

ಯಂತ್ರ ಧಡಧಡ ಎಂದಿತು. ಮೊದಲ ಹಾಳೆಯ ಮೇಲೆ ಬೆರಳಾಡಿಸಿದ ಮಾಸ್ತರರು ಅದನ್ನು ಮುದ್ದೆಮಾಡಿ ಎಸೆದರು. ಎರಡನೆಯದೂ ಹಾಗೇ. ಕೇಬಲ್ಲನ್ನು ಕಿತ್ತು ಒತ್ತಿ ಕೂಡಿಸಿದ ಮೇಲೆ ಬಂದ ಹಾಳೆಯನ್ನು ಅವರು ಮೆಲ್ಲಗೆ ಓದಿದರು, ತಿರುಗಿ ಮೊದಲಿನಿಂದ ಓದಿದರು. ಆಮೇಲೆ ಬಾಗಿಲಿಗೆ ಬಂದು ಹುಡುಗಿಯರನ್ನು ಕೂಗಿದರು.

ಪುಸ್ತಕವೇನೋ ಆಯಿತು. ಚಿತ್ರಗಳು? ಅವನ್ನು ಚುಕ್ಕಿಯಲ್ಲಿ ಒತ್ತಲು ಬರುತ್ತಿರಲಿಲ್ಲ. ಮಾಸ್ತರರು ನೀಲವ್ವನನ್ನೇ ಕರೆದು ಕೂರಿಸಿದರು. ಅವಳು ಅಚ್ಚಿನ ಪುಸ್ತಕ ನೋಡಿ ಹೇಳಿದಳು, ಅವರು ಬರೆದರು. ಹೃದಯವೆಂದರೆ ಓರೆಯಾಗಿಟ್ಟ ಮಾವಿನಕಾಯಿ. ಮೂತ್ರಪಿಂಡಗಳೆಂದರೆ ಎದುರುಬದುರು ಕೂತ ಎರಡು ಅವರೆಕಾಳು. ಪರೀಕ್ಷೆಗೆ ಹೊರಟ ಹುಡುಗಿಯರು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಿದ್ದರಂತೆ. ಆಮೇಲಿನ ವರ್ಷಗಳಲ್ಲೂ ಇಬ್ಬರೂ ಬಿಡದೆ ಚಿತ್ರಗಳನ್ನು ಕೂಡಿಸಿದರು. ಅವೆಲ್ಲ ನನ್ನೊಳಗೆ ಸೇರಿದವು.

ಈಗ ಮಾಸ್ತರರು ನಿವೃತ್ತರು, ನೀಲವ್ವ ತೀರಿಕೊಂಡಿದ್ದಾಳೆ. ಬ್ರೈಲ್ ಕೋಣೆಯಲ್ಲಿ ಹೊಸ ಯಂತ್ರವಿದೆ, ಹೊಸ ಕಂಪ್ಯೂಟರ್ ಇದೆ. ನಾನು ಗ್ರಂಥಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದಿದ್ದೆ. ನೀಲವ್ವನ ಚಿತ್ರಗಳು ಬೇಕೆಂದು ಹೊಸ ಟೀಚರ್ ಶಾಹೀದಾ ಹುಡುಕಿಕೊಂಡು ಬಂದಳು. ಅವಳಿಗೂ ಕಣ್ಣಿಲ್ಲ. ಆ ಹಳೆಯ ಫೈಲುಗಳನ್ನು ಹೊಸ ಕಂಪ್ಯೂಟರ್ ತೆರೆಯಲೊಲ್ಲದು. ನನ್ನನ್ನು ನಡೆಸಬಲ್ಲ ಮಾಸ್ತರರಿಗೆ ಹೇಳಿ ಕಳಿಸಿದಳು. ಅವರು ಬಸ್ಸು ಹಿಡಿದು ಬಂದು ನನ್ನ ಮುಂದೆ ಕೂತಿದ್ದಾರೆ. ನಾನು ಒಂದೊಂದೇ ಸಾಲು ಓದುತ್ತೇನೆ. ಅವಳು ಪಕ್ಕಕ್ಕೆ ತಂದಿಟ್ಟ ಹೊಸ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಾಳೆ. ಕೊನೆಯ ಸಾಲು ದಾಟಿತೆಂದರೆ ನನ್ನಿಂದ ಇವರಿಗೆ ಏನೂ ಬೇಕಾಗುವುದಿಲ್ಲ. ಅದು ಗೊತ್ತಿದ್ದೂ ಓದುತ್ತಿದ್ದೇನೆ. ನೀಲವ್ವ ಹೇಳಿದ ಮಾತು ನನ್ನೊಂದಿಗೆ ಮೂಲೆಯಲ್ಲಿ ಉಳಿಯಬಾರದಷ್ಟೆ.

“ಸ್ವಲ್ಪ ಸಾವಕಾಶ ಓದಸ್ರಿ ಮಾಸ್ತರ್,” ಎನ್ನುತ್ತಾಳೆ ಶಾಹೀದಾ. “ನನ್ನ ಕೈ ಓಡವಲ್ವು.”

ಮಾಸ್ತರರು ನನ್ನ ದನಿಯ ವೇಗ ತಗ್ಗಿಸುತ್ತಾರೆ. ಎಲೆಯ ಚಿತ್ರ ಮುಗಿಯಿತು. ಕಣ್ಣಿನ ಚಿತ್ರ ಶುರುವಾಗಿದೆ.