ಬಟ್ಟೆಯಲ್ಲಿ ಉಳಿದದ್ದು

ಹಗರೆಗೂ ಹಳೇಬೀಡಿಗೂ ನಡುವಿನ ಆ ಸಣ್ಣ ಊರಿನಲ್ಲಿ ಜೈನರ ಮನೆ ಅಂತ ಇದ್ದದ್ದು ಯಶೋಧಮ್ಮನದೊಂದೇ. ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆ. ಊರಿಗೆ ಸರ್ಕಾರದ ನಲ್ಲಿ ಬಂದು ವರ್ಷ ಕಳೆದಿತ್ತು. ನಲ್ಲಿಗೆ ನೀರು ಬಿಡುವ ತೊಟ್ಟಿಯಲ್ಲಿ ಕಾಗೆ ಸತ್ತು ಬಿದ್ದಿದೆ ಎಂದು ಜನ ಸರ್ಕಾರದವರಿಗೆ ಹೋಗಿ ಹೇಳಿದರು, ಬರೆದುಕೊಟ್ಟರು. ನಾಳೆ ಬರುತ್ತೇವೆ ಎಂದವರು ಬರಲೇ ಇಲ್ಲ.

ಯಶೋಧಮ್ಮ ಅವರನ್ನು ಕಾಯುತ್ತಾ ಕೂರಲಿಲ್ಲ. ಬಾವಿಯಿದ್ದ ಹಿತ್ತಲಿನ ಬಾಗಿಲು ತೆಗೆದು, ಬೀದಿಯವರೆಲ್ಲ ಕುಡಿಯಲು ಇಲ್ಲಿಂದಲೇ ಒಯ್ಯಿರಿ ಎಂದಳು. ಪಕ್ಕದ ಮನೆಯ ಲಲಿತಮ್ಮ, ಕುದಿಸಬೇಕೇನೋ ಎಂದು ಅನುಮಾನಿಸಿದಾಗ, ನಮ್ಮ ಬಾವಿಗೆ ಸೋಸಿದರೆ ಸಾಕು, ಸೌದೆ ಯಾಕೆ ದಂಡ ಎಂದಿದ್ದಳು. ಕುದಿಸಿ ಕುಡಿಯುವುದು ತನ್ನ ಮನೆಯ ಪದ್ಧತಿ, ಅವರಿಗೆ ಅದು ಯಾಕೆ ಅಂದುಕೊಂಡಿದ್ದಳು. ಆರೋಗ್ಯ ಇಲಾಖೆಯ ಇಂದುಧರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಬಂದಾಗ ಕಟ್ಟೆ ಹತ್ತಲು ಬಿಡಲಿಲ್ಲ. ಒಳಗಿನ ಜೀವಗಳೆಲ್ಲ ಸಾಯುತ್ತವೆ, ಮೊದಲು ನಿಮ್ಮ ತೊಟ್ಟಿ ತೊಳೆಯಿರಿ ಎಂದು ಕಳಿಸಿದಳು.

ಆಮೇಲೆ ವಾಂತಿಭೇದಿ ಶುರುವಾಯಿತು. ಮೊದಲು ಬಿದ್ದವರು ನಲ್ಲಿ ನೀರು ಕುಡಿದವರೇ. ನಾನು ಹೇಳಲಿಲ್ಲವೇ ಎಂದು ಯಶೋಧಮ್ಮನ ಮನಸ್ಸು ಒಳಗೊಳಗೇ ಬೀಗಿತ್ತು. ಆದರೆ ಗುರುವಾರ ಲಲಿತಮ್ಮನ ಮೊಮ್ಮಗಳೂ ಹಾಸಿಗೆ ಹಿಡಿದಳು. ಮೂರು ವರ್ಷದ ಕೂಸು, ಈ ಬಾವಿ ನೀರಲ್ಲದೆ ಬೇರೆ ಹನಿ ಕುಡಿದದ್ದಿಲ್ಲ.

ಅಂದು ಯಶೋಧಮ್ಮ ಊಟಕ್ಕೆ ಕೂರಲಿಲ್ಲ. ಹಗ್ಗ ನೋಡಿದಳು, ಕೊಡ ನೋಡಿದಳು, ಬಾವಿಯೊಳಗೆ ಬಗ್ಗಿ ಬಗ್ಗಿ ನೋಡಿದಳು. ನೀರು ತಿಳಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಪಾತ್ರೆ ತೊಳೆಯುವುದಕ್ಕೆ ನಲ್ಲಿ ನೀರು ತಂದಳು. ಬಾವಿ ನೀರು ನೆರೆಯವರಿಗೆ ಉಳಿಯಲಿ ಅಂತ ತೊಳೆಯುವುದಕ್ಕೆಲ್ಲ ನಲ್ಲಿಯದನ್ನೇ ಬಳಸುತ್ತಿದ್ದಳು. ಅದನ್ನೂ ಬಟ್ಟೆ ಕಟ್ಟಿ ಸೋಸಿದಳು. ಸೋಸದ ನೀರು ಆ ಮನೆಯಲ್ಲಿ ಯಾವುದಕ್ಕೂ ಸಲ್ಲದು. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಬಂದ ನೀರಿಗೇ ಮರಳಿ ಬಿಡಬೇಕು ಅಂತ ಅತ್ತೆ ಕಲಿಸಿದ್ದರು. ಆದರೆ ನಲ್ಲಿಗೆ ಮರಳಿ ಬಿಡುವುದು ಹೇಗೆ? ಚರಂಡಿಗೆ ಚೆಲ್ಲಿದರೆ ಬಿಸಿಲಿಗೆ ಸಾಯುತ್ತವೆ. ಅದಕ್ಕೇ ಬಟ್ಟೆ ಮಗುಚಿ, ಜಾಲಾಡಿ, ಆ ನೀರನ್ನು ಬಾವಿಗೆ ಬಿಡುತ್ತಿದ್ದಳು. ಬೇಸಿಗೆಯ ಉದ್ದಕ್ಕೂ, ದಿನಾ.

ಕಟ್ಟೆಯ ಮೇಲೆ ಎತ್ತಿದ ಕೈ ಅಲ್ಲೇ ನಿಂತಿತು.

ತೊಟ್ಟಿಯ ಕೊಳೆಯನ್ನು ಹೊತ್ತು ತಂದು ಬಾವಿಗೆ ಸುರಿದವಳು ತಾನೇ.

ಲಲಿತಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಾಸನದ ಬಸ್ಸಿಗೆ ನಿಂತಿದ್ದಳು. ಕೂಸಿನ ಕಣ್ಣು ಗುಳಿ ಬಿದ್ದಿತ್ತು, ಅಳಲೂ ತ್ರಾಣವಿರಲಿಲ್ಲ. ಯಶೋಧಮ್ಮ ಏದುಸಿರು ಬಿಡುತ್ತಾ ಬಂದು, ಒಂದನ್ನೂ ಮುಚ್ಚಿಡದೆ ಹೇಳಿದಳು. ಲಲಿತಮ್ಮ ಬಯ್ಯಲಿಲ್ಲ. ಕೂಸಿನ ತಲೆಯ ಮೇಲೆ ಸೆರಗು ಹೊದಿಸಿದಳು.

"ನೀವು ಅಂದ್ರಿ ಅಂತ ಕುದಿಸ್ದೆ ಕೊಟ್ಟೆ ಕಣ್ರವ್ವಾ. ಸರ್ಕಾರದೋರು ಅಂದಿದ್ರೆ ನಂಬ್ತಿರ್ಲಿಲ್ಲ."

ಬಸ್ಸು ಬಂತು, ಹೋಯಿತು.

ಯಶೋಧಮ್ಮ ಬೀದಿಯ ಪ್ರತಿ ಬಾಗಿಲಿಗೂ ಹೋಗಿ, ನನ್ನ ಬಾವಿ ಕೆಟ್ಟಿದೆ, ಕೆಡಿಸಿದವಳು ನಾನೇ, ಮನೆಯಲ್ಲಿರುವ ನೀರನ್ನೆಲ್ಲ ಚೆಲ್ಲಿ ಎಂದಳು. ಕೆಲವರು ಕೊಡ ಬಗ್ಗಿಸಿದರು, ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಅಲ್ಲಿಂದ ನೇರ ಇಂದುಧರನನ್ನು ಹುಡುಕಿಕೊಂಡು ಹೋಗಿ ಪುಡಿ ಕೇಳಿದಳು. ಅವನು ಹಿಂದಿನದನ್ನು ಎತ್ತಿ ಆಡಲಿಲ್ಲ. ಬಂದು ಬಕೆಟ್ಟಿನಲ್ಲಿ ಕದಡಿ, ನೀವು ಒಳಗೆ ಹೋಗಿರಿ, ನಾನು ಬಿಡುತ್ತೇನೆ ಎಂದ.

"ಬೇಡಪ್ಪ. ಸಾಯೋ ಜೀವಕ್ಕೆಲ್ಲ ನಾನೇ ಹೊಣೆ. ಹಗ್ಗ ಇಲ್ಲಿ ಕೊಡು."

ಬಕೆಟ್ಟು ಇಳಿದಷ್ಟೂ ಘಾಟು ಮೇಲೆ ಬಂತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ಹಾಸನದಿಂದ ಸುದ್ದಿಯಿಲ್ಲ. ಪ್ರತಿ ಬಸ್ಸಿಗೂ ಯಶೋಧಮ್ಮ ಕುದಿಸಿ ಆರಿಸಿದ ನೀರಿನ ಚೊಂಬು ಹಿಡಿದು ರಸ್ತೆಗೆ ಬರುವಳು. ಲಲಿತಮ್ಮ ಇಳಿಯದೆ ಬಸ್ಸು ಹೊರಟಾಗಲೆಲ್ಲ ಚೊಂಬು ಹೊತ್ತು ಮನೆಗೆ ಮರಳುವಳು.

ಕೊನೆಗೊಂದು ಮಧ್ಯಾಹ್ನ ಲಲಿತಮ್ಮ ಇಳಿದಳು. ಕಂಕುಳಲ್ಲಿ ಕೂಸು, ಕಡ್ಡಿಯಂತಾಗಿತ್ತು, ಆದರೆ ಕಣ್ಣು ಬಿಟ್ಟಿತ್ತು. ಚೊಂಬು ಕಂಡದ್ದೇ ನೀರಿಗೆ ಕೈ ಚಾಚಿತು.

ಲಲಿತಮ್ಮ ಕೂಸಿನ ಕೈ ಹಿಂದಕ್ಕೆ ಹಿಡಿದಳು. "ಯಾವ ನೀರು?"

"ಬಾವೀದೇ. ಪುಡಿ ಹಾಕಿ, ಕುದಿಸಿದೀನಿ."

ಲಲಿತಮ್ಮ ಚೊಂಬನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಒಂದು ಗುಟುಕು ತಾನು ಕುಡಿದು, ತಡೆದು ನಿಂತಳು. ಆಮೇಲೆ ಕೂಸಿನ ಬಾಯಿಗೆ ಇಟ್ಟಳು.

ಯಶೋಧಮ್ಮ ಆ ಪುಟ್ಟ ಗಂಟಲು ಆಡುವುದನ್ನೇ ನೋಡುತ್ತಾ ನಿಂತಿದ್ದಳು. ಚೊಂಬು ಬರಿದಾದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು.