ಎಡಗೈಯ ಸೂಜಿ

ಮಾಂಬಳ್ಳಿಯ ಸದಾಶಿವಪ್ಪನವರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತು. ಮೇಲೆ ಸಕ್ಕರೆ ಕಾಯಿಲೆ ಬೇರೆ. ಕೊಳ್ಳೇಗಾಲದ ನರ್ಸಿಂಗ್ ಹೋಮಿನ ಡಾಕ್ಟರು ಐದು ದಿನ ನರಕ್ಕೆ ಔಷಧಿ ಕೊಡಬೇಕು ಎಂದರು.

ನರ್ಸ್ ಕವಿತ ಟ್ರೇ ತಂದಿಟ್ಟು ಕೇಳಿದಳು. "ತಾತ, ಯಾವ ಕೈಲಿ ಉಣ್ತೀರಿ?"

"ಬಲಗೈಲಿ," ಎಂದವಳು ಪಕ್ಕದಲ್ಲಿ ನಿಂತಿದ್ದ ಸೊಸೆ ಕೋಮಲ.

"ಅಂಗಾದ್ರೆ ಎಡಗೈಗೇ ಆಕ್ತೀನಿ. ಊಟಕ್ಕೆ ತೊಂದ್ರೆ ಆಗ್ಬಾರ್ದು."

ಲೊಕ್ಕನಹಳ್ಳಿ ಕಡೆಯ ಒಳ್ಳೆಯ ಹುಡುಗಿ. ಕೇಳಿದ ಪ್ರಶ್ನೆಯೂ ಒಳ್ಳೆಯದೇ. ಆದರೆ ಪೂಜೆಗೆ ಇಷ್ಟಲಿಂಗವನ್ನು ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಕೇಳಬೇಕೆಂದು ಯಾವ ನರ್ಸಿಗೂ ಯಾರೂ ಕಲಿಸಿರುವುದಿಲ್ಲ. ಕೇಳದಿದ್ದರೆ ಬಾಯಿಬಿಟ್ಟು ಹೇಳಬೇಕಾದವರು ಇಬ್ಬರಿದ್ದರು. ಇಬ್ಬರೂ ಸುಮ್ಮನಿದ್ದರು.

ಮುದುಕರ ನರ ಸುಲಭಕ್ಕೆ ಸಿಗಲಿಲ್ಲ. ನಾಲ್ಕು ಸಲ ಚುಚ್ಚಿ, ಐದನೆಯದಕ್ಕೆ ಮಣಿಕಟ್ಟಿನ ಹತ್ತಿರ ಒಂದು ಸಿಕ್ಕಿತು. ಕವಿತ ಸೂಜಿ ಎಳೆದುಕೊಂಡು, ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಒಳಗೇ ಬಿಟ್ಟು, ಮೇಲೆ ಪ್ಲಾಸ್ಟರ್ ಅಂಟಿಸಿದಳು. ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಳು.

"ಅಕ್ಕ, ಇದು ನೆನೀಬಾರ್ದು. ಕೆಂಪಾದ್ರೆ, ಊದಿದ್ರೆ, ನೋವಂದ್ರೆ ತಕ್ಷಣ ನನ್ನ ಕೂಗಿ. ಸೀದಾ ರಕ್ತಕ್ಕೇ ದಾರಿ ಇದು. ಔಸ್ದಿ ಓಗೋ ದಾರೀಲಿ ಕೊಳಕೂ ಓಯ್ತದೆ."

ಕೋಮಲ ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ಮಾವ ಎದ್ದು ಕೂತು, ಪರದೆ ಎಳೆಸಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಐವತ್ತು ವರ್ಷದಿಂದ ಪೂಜೆ ಮಾಡದೆ ತೊಟ್ಟು ನೀರೂ ಕುಡಿದವರಲ್ಲ. ಕೋಮಲ ಚೊಂಬಿನಿಂದ ನೀರೆರೆದಳು. ನೀರು ಅಂಗೈಯಿಂದ ಮಣಿಕಟ್ಟಿಗೆ ಇಳಿದು ಪ್ಲಾಸ್ಟರನ್ನು ತೋಯಿಸಿತು. ಆಮೇಲೆ ಅವರು ಹಣೆಗೆ, ತೋಳಿಗೆ, ಮಣಿಕಟ್ಟಿಗೆ ಮೂರು ಮೂರು ಗೆರೆ ವಿಭೂತಿ ಎಳೆದುಕೊಂಡರು.

ರೌಂಡ್ಸಿಗೆ ಬಂದ ಕವಿತ ಕೈ ನೋಡಿದಳು. "ನೆಂದದಲ್ಲ?"

"ಕೈ ತೊಳಿಯೋವಾಗ ಬಿತ್ತು ಸಿಸ್ಟ್ರೇ," ಎಂದಳು ಕೋಮಲ. ಅದು ಮೊದಲ ಸುಳ್ಳು.

ಕವಿತ ಸ್ಪಿರಿಟಿನಲ್ಲಿ ಒರೆಸಿ ಹೊಸ ಪ್ಲಾಸ್ಟರ್ ಹಾಕಿದಳು. "ಇನ್ನೊಂದ್ಸಲ ನೆಂದ್ರೆ ಕಿತ್ತು ಬೇರೆ ಕಡೆ ಆಕ್ಬೇಕಾಯ್ತದೆ ತಾತ."

ಅವಳು ಅತ್ತ ಹೋಗುತ್ತಲೂ ಮಾವ ಸೊಸೆಯ ಕೈ ಹಿಡಿದುಕೊಂಡರು. "ಇನ್ನೈದು ಸಲ ಚುಚ್ಚಿಸ್ಕಳಕ್ಕೆ ನನ್ ಕೈಲಾಗಲ್ಲ ಕಣವ್ವ. ಪೂಜೆ ಬುಡಕ್ಕೂ ಆಗಲ್ಲ. ನೀನು ಬಾಯ್ಬುಡಬ್ಯಾಡ."

ಈ ನಾಲ್ಕು ದಿನ ಬಲಗೈಲಿ ಹಿಡೀರಿ ಮಾವ, ಎಂಬ ಮಾತು ಕೋಮಲಳ ನಾಲಗೆಯ ತುದಿಯವರೆಗೆ ಬಂತು. ಆ ಮನೆಗೆ ಬಂದು ಏಳು ವರ್ಷವಾದರೂ ಮಾವನಿಗೆ ಹೀಗೆ ಮಾಡಿ ಎಂದು ಒಂದು ದಿನವೂ ಹೇಳಿದವಳಲ್ಲ, ಪೂಜೆಯ ವಿಷಯದಲ್ಲಂತೂ ಕನಸಿನಲ್ಲೂ ಇಲ್ಲ. ಗಂಡ ಪರಮೇಶನಿಗಾದರೂ ಹೇಳಬಹುದಿತ್ತು. ಅವನು ಕಬ್ಬಿನ ಕಟಾವಿನಲ್ಲಿದ್ದ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಟ್ರಾಕ್ಟರ್ ಕಳಿಸಿ, ಸಂಜೆ ಬಂದು ಅಪ್ಪನ ಮುಖ ನೋಡಿ, ಗಳಿಗೆಯಲ್ಲಿ ಹೊರಟುಬಿಡುತ್ತಿದ್ದ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಆಸ್ಪತ್ರೆಯ ವಾರ್ಡು ನೋಡಿರಲಿಕ್ಕಿಲ್ಲ.

ಕೋಮಲ ಎದುರಿನ ಮೆಡಿಕಲ್ ಸ್ಟೋರಿನಿಂದ ಒಂದು ಸುರುಳಿ ಪ್ಲಾಸ್ಟರ್ ತಂದಳು. ಮರುದಿನ ಪೂಜೆ ಮುಗಿದ ಮೇಲೆ ನೆನೆದದ್ದನ್ನು ಬಿಚ್ಚಿ, ಸೆರಗಿನಲ್ಲಿ ಒತ್ತಿ, ಹೊಸದನ್ನು ಅಂಟಿಸಿ, ಕವಿತಳ ಅಕ್ಷರದ ಹಾಗೇ ತಾರೀಖು ಬರೆದಳು. ಏಳನೇ ಕ್ಲಾಸಿನಲ್ಲಿ ದುಂಡಗಿನ ಅಕ್ಷರಕ್ಕೆ ಬಹುಮಾನ ಪಡೆದಿದ್ದವಳು. ಆ ಜಾಣತನ ಈಗ ಕೆಲಸಕ್ಕೆ ಬಂತು.

"ಈ ವಾರ್ಡಲ್ಲಿ ನಾ ಅಂದಿದ್ನ ಕೇಳೋರು ನೀವೊಬ್ರೇ ಕಣಕ್ಕ," ಎಂದಳು ಕವಿತ, ಒಣಗಿದ್ದ ಪ್ಲಾಸ್ಟರ್ ನೋಡಿ. ಕೋಮಲ ಸುರುಳಿಯಿದ್ದ ಚೀಲವನ್ನು ಕಾಲಲ್ಲಿ ಮಂಚದ ಕೆಳಗೆ ತಳ್ಳಿದಳು.

ಮೂರನೆಯ ಬೆಳಿಗ್ಗೆ ಪ್ಲಾಸ್ಟರ್ ಬಿಚ್ಚಿದಾಗ ಚರ್ಮ ಕೆಂಪಗಿತ್ತು. ನರದ ಗುಂಟ ಎರಡು ಬೆರಳುದ್ದ ಗೆರೆ ಎದ್ದಿತ್ತು. ಮುಟ್ಟಿದರೆ ಬಿಸಿ. ಮಾವ ಹಲ್ಲು ಕಚ್ಚಿದರು.

"ನೋಯ್ತದಾ ಮಾವ? ಸಿಸ್ಟರ್ನ ಕರೀಲಾ?"

"ಔಸ್ದಿ ಉರಿ ಕಣವ್ವ ಅದು. ಸುಮ್ನಿರು."

ಅವಳಿಗೆ ಭಯವಾಯಿತು. ಕೂಗಿ ಎಂದಿದ್ದು ಇದಕ್ಕೇ ಎಂದು ಚೆನ್ನಾಗಿ ಗೊತ್ತಾಯಿತು. ಗೊತ್ತಾಗಿಯೂ ಹೊಸ ಪ್ಲಾಸ್ಟರ್ ಹಾಕಿ ತಾರೀಖು ಬರೆದಳು. ಸಂಜೆ ಕವಿತ "ನೋವದಾ ತಾತ?" ಎಂದಾಗ ಅವರು ಶಾಲಿನೊಳಗಿನಿಂದ ಇಲ್ಲ ಎಂದರು. ಅವಳು ಕೋಮಲಳ ಮುಖ ನೋಡಿದಳು. ಕೋಮಲ ಕಿಟಕಿ ನೋಡಿದಳು.

"ಮೂರ್ ದಿನ ಆಯ್ತು. ಬೆಳಗ್ಗೆ ಇದ್ನ ತೆಗೆದು ಬೇರೆ ಆಕ್ತೀನಿ," ಎಂದಳು ಕವಿತ.

ಬೆಳಗಾಗುವ ಮೊದಲೇ ಮುದುಕರಿಗೆ ಮಂಚ ಅಲ್ಲಾಡುವಂಥ ಚಳಿ ಬಂತು. ಕವಿತ ಓಡಿ ಬಂದು ಪ್ಲಾಸ್ಟರ್ ಬಿಚ್ಚಿದಳು. ಕೊಳವೆಯ ಬುಡದಿಂದ ಕೀವು ಬಂತು, ಅದರ ಜೊತೆಗೆ ನೆನೆದು ಮೆತ್ತಿಕೊಂಡ ಒಂದಿಷ್ಟು ವಿಭೂತಿ. ಮಂಚದ ಕೆಳಗಿನ ಚೀಲದಲ್ಲಿ ಪ್ಲಾಸ್ಟರ್ ಸುರುಳಿ, ಪೆನ್ನು, ಚೊಂಬು. ಅವಳಿಗೆ ಎಲ್ಲವೂ ತಿಳಿಯಿತು.

"ಅಕ್ಕ, ಒಂದು ಮಾತು ಅಂದಿದ್ರೆ ಬಲಗೈಗೆ ಆಕ್ತಿದ್ನಲ್ಲ," ಎಂದು ಕೊಳವೆ ಎಳೆಯುತ್ತಲೇ ಅತ್ತಳು.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬೇಕಾಯಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕೈ ಕೊಯ್ದು ಕೀವು ತೆಗೆದರು. ನಂಜು ರಕ್ತಕ್ಕೆ ಇಳಿದಾಗಿತ್ತು. ಎದೆಯ ಕಫ ವಾಸಿಯಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ ದಿನವೇ ಸದಾಶಿವಪ್ಪನವರು ತೀರಿಕೊಂಡರು.

ಹೊಲದಲ್ಲಿ ಗುಣಿ ತೆಗೆದು, ಅವರ ಪದ್ಧತಿಯಂತೆ ಕೂರಿಸಿದರು. ಸುತ್ತ ವಿಭೂತಿ, ಬಿಲ್ವಪತ್ರೆ. ಮಠದ ಅಯ್ನೋರು ಕರಡಿಗೆಯಿಂದ ಲಿಂಗ ತೆಗೆದುಕೊಟ್ಟು, ಎಡ ಅಂಗೈಯಲ್ಲಿ ಇಡು ಎಂದರು. ಪರಮೇಶ ಇಟ್ಟ. ಕೈಗೆ ದಪ್ಪ ಬ್ಯಾಂಡೇಜು, ಬೆರಳು ಊದಿ ಕಪ್ಪಾಗಿದ್ದವು, ಮಡಿಚಲಿಲ್ಲ. ಲಿಂಗ ಜಾರಿತು. ಎರಡನೆಯ ಸಲ ಇಟ್ಟ. ಮತ್ತೆ ಜಾರಿತು.

ಎಲ್ಲರೂ ಅಯ್ನೋರ ಮುಖ ನೋಡಿದರು. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಬಲಗೈಲಿಡಪ್ಪ. ಕಷ್ಟಕಾಲದಲ್ಲಿ ಶಿವ ಎಡ ಬಲ ನೋಡ್ತಾನಾ?"

ಪರಮೇಶ ಅಪ್ಪನ ಬಲಗೈ ಬಿಡಿಸಿ ಲಿಂಗ ಇಟ್ಟ. ಅದು ಅಲ್ಲಾಡದೆ ಕೂತಿತು. ಗುಣಿಯ ದಡದಲ್ಲಿ ಹೆಂಗಸರ ಜೊತೆ ನಿಂತಿದ್ದ ಕೋಮಲ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ನೆಲಕ್ಕೆ ಕುಸಿದಳು. ಸೊಸೆಗೆ ಮಾವನೆಂದರೆ ಎಷ್ಟು ಪ್ರೀತಿ ಎಂದು ಊರವರು ಮಾತಾಡಿಕೊಂಡರು.